ತಗಡಿನ ಸಹವಾಸ

ನಾನು ಆಯುಷ್ಯದ ಅರ್ಧಕ್ಕಿಂತ ಹೆಚ್ಚು ಕಳೆದ ವರ್ಕ್‌ಶಾಪಿನಿಂದ ಹೋದ ತಿಂಗಳು ಒಂದು ಫೋನ್ ಬಂತು. ಮಾತಾಡಿದವಳು ಪವಿತ್ರಾ, ನಾನು ಬಿಟ್ಟ ಕುರ್ಚಿಗೆ ಬಂದಿರುವ ಹೊಸ ಇಂಜಿನಿಯರ್.

"ಮೇಡಂ, ಕಂಪ್ಯೂಟರಿನ ಜಾಬ್ ಕಾರ್ಡಿನ್ಯಾಗ 'ಸಹವಾಸ' ಅಂತ ಒಂದ ಕಾಲಂ ಐತ್ರಿ. ಅದನ್ನ ತುಂಬಲಿಲ್ಲಂದ್ರ ಕಾರ್ಡ್ ಮುಂದಕ್ಕ ಹೋಗವಲ್ದು. ಏನ್ ಬರೀಬೇಕ್ರಿ ಅದರಾಗ? ಯಾರನ್ನ ಕೇಳಿದ್ರೂ ನಗ್ತಾರ, ಗಿರಿಜಾ ಮೇಡಂನ ಕೇಳು ಅಂತಾರ."

ನನಗೂ ನಗು ಬಂತು. ಫೋನಿನಲ್ಲಿ ಮುಗಿಯುವ ಮಾತಲ್ಲ, ಬರೆದು ಕಳಿಸುತ್ತೇನೆ ಎಂದೆ. ಬಾಗಲಕೋಟೆಯ ವಿದ್ಯಾಗಿರಿಯ ಮನೆಯಲ್ಲಿ ಕೂತು, ಮೊಣಕಾಲು ನೋವನ್ನೂ ಧಾರಾವಾಹಿಗಳನ್ನೂ ಪಕ್ಕಕ್ಕಿಟ್ಟು ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರೆಲ್ಲ ಓದಲಿ. ನನಗೆ ಸಿಕ್ಕ ಬಡ್ತಿಗಳ ಕಥೆ ಇದರಲ್ಲಿ ಇಲ್ಲ. ಅದು ಯಾರಿಗೂ ಬೇಡ, ಖರೆ ಹೇಳಬೇಕೆಂದರೆ ನನಗೂ ಬೇಡ.

ನಮ್ಮ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಸ್ಟೇನ್‌ಲೆಸ್ ಸ್ಟೀಲಿನ ತಗಡು ಲಾರಿಯಿಂದ ಇಳಿಯುವಾಗ ಎಲ್ಲ ಒಂದೇ ರೀತಿ ಕಾಣುತ್ತದೆ. ಅದರಲ್ಲಿ ಒಂದು ಹೋಟೆಲಿನ ಕಟ್ಟೆಯಾಗುತ್ತದೆ, ಇನ್ನೊಂದು ದವಾಖಾನೆಯ ಟ್ರೇ ಆಗುತ್ತದೆ, ಮತ್ತೊಂದು ಹಾಲಿನ ತೊಟ್ಟಿ. ಯಾವ ತಗಡನ್ನು ಯಾವುದರಿಂದ ಕತ್ತರಿಸಬೇಕು, ಎಲ್ಲಿ ಮಡಚಬೇಕು, ಎಲ್ಲಿ ಬೆಸೆಯಬೇಕು, ಹೊಳಪು ಹೇಗೆ ಕೊಡಬೇಕು ಎಂದು ಗೊತ್ತುಮಾಡಿ ಜಾಬ್ ಕಾರ್ಡಿನಲ್ಲಿ ಬರೆಯುತ್ತಿದ್ದವಳು ನಾನು. ಆ ಕಾರ್ಡಿನಂತೆ ಹತ್ತು ಜನರ ಕೈ ಓಡಾಡುತ್ತದೆ. ಕಾರ್ಡು ತಪ್ಪಿದರೆ ಹತ್ತೂ ಜನರ ಕೈ ತಪ್ಪುತ್ತದೆ, ಮತ್ತು ಕತ್ತರಿಸಿದ ತಗಡನ್ನು ಹೊಲಿಗೆ ಬಿಚ್ಚಿದಂತೆ ಬಿಚ್ಚಿ ಮತ್ತೆ ಹೊಲಿಯಲು ಬರುವುದಿಲ್ಲ.

ಐಟಿಐ ಮುಗಿಸಿ ನಾನು ಆ ವರ್ಕ್‌ಶಾಪಿಗೆ ಹೋದಾಗ ಅಲ್ಲಿ ಹೆಣ್ಣುಮಕ್ಕಳು ಯಾರೂ ಇರಲಿಲ್ಲ. ಮಾಲೀಕರು ಈರಣ್ಣ ಸಾಹುಕಾರರು. ಅವರು ಒಳ್ಳೆಯವರೇ, ಆದರೆ ಮಾತಾಡಿದರೆ ಮೂರು ಅಂಗಡಿಯಾಚೆ ಕೇಳಬೇಕು. ನನ್ನನ್ನು ನೋಡಿ, "ಏ ದಾವಲಸಾಬ, ಈ ಹುಡುಗಿನ್ನ ಏನ್ ಮಾಡೂದೋ?" ಎಂದು ನನ್ನೆದುರೇ ಕೂಗಿದರು.

ದಾವಲಸಾಬ ಮೇಸ್ತ್ರಿ ತಮ್ಮ ಜೇಬಿನಿಂದ ಒಂದು ಹಳೆಯ ಕ್ಯಾಲೆಂಡರಿನ ಹಾಳೆ ತೆಗೆದು ನನ್ನ ಕೈಗೆ ಕೊಟ್ಟರು. "ಕತ್ತರಿ ಹಚ್ಚಬ್ಯಾಡ. ಅಂಟು ಹಚ್ಚಬ್ಯಾಡ. ನೀರು ಸೋರದ ಡಬ್ಬಿ ಮಾಡು ನೋಡೂಣು." ನಾನು ಮೂಲೆಗಳನ್ನು ಒಳಕ್ಕೆ ಮಡಚಿ ಮಾಡಿಕೊಟ್ಟೆ. ಅವರು ಅದರಲ್ಲಿ ತಮ್ಮ ಚಹಾ ಸುರಿದರು, ಸೋರಲಿಲ್ಲ. ಆ ಚಹಾವನ್ನು ಅದರಿಂದಲೇ ಕುಡಿದು, "ಇರ್ಲಿ ಬಿಡ್ರಿ ಸಾಹುಕಾರ್ರ, ಕೈ ಶಾಣೇ ಐತಿ" ಎಂದರು. ನನ್ನ ಸಂದರ್ಶನ ಅಲ್ಲಿಗೆ ಮುಗಿಯಿತು.

ಆ ಶಾಣೇ ಕೈ, ಜಾಣ ಕೈ, ಮೊದಲ ತಿಂಗಳಲ್ಲೇ ನನ್ನ ಮಾನ ಕಳೆಯಿತು. ಬಾದಾಮಿಯ ಒಂದು ಹೋಟೆಲಿನ ಕೌಂಟರಿಗೆ ಹನ್ನೆರಡು ಖಾನೆಗಳು ಬೇಕಿದ್ದವು. ಲೆಕ್ಕ ಹಾಕಿ, ಗೆರೆ ಎಳೆದು ಕೊಟ್ಟೆ. ಹನ್ನೆರಡೂ ಮಡಚಿ ಬಂದವು, ಹನ್ನೆರಡರಲ್ಲಿ ಒಂದೂ ಒಳಗೆ ಹೋಗಲಿಲ್ಲ. ಮೇಸ್ತ್ರಿ ಒಂದು ಖಾನೆಯ ಮೂಲೆಯನ್ನು ಬೆರಳಿನಿಂದ ತಡವಿ ನೋಡಿದರು.

"ಕಾಗದ ಮಡಚಿದಂಗ ಲೆಕ್ಕಾ ಹಾಕೀದಿ ತಂಗಿ. ಕಾಗದಕ್ಕ ಹೊಟ್ಟಿ ಇಲ್ಲ. ತಗಡಿಗೆ ಹೊಟ್ಟಿ ಐತಿ, ಮಡಚಿದ್ರ ಹಿಗ್ಗತೈತಿ. ಆ ಹಿಗ್ಗಿದ್ದನ್ನ ಮೊದಲ ಕಳೀಬೇಕು."

ಖಾನೆ ಕುಗ್ಗಿಸಲು ಸಾಧ್ಯವಿರಲಿಲ್ಲ. ಅವರು ಎರಡು ದಿನ ಕೂತು ಕೌಂಟರಿನ ಚೌಕಟ್ಟನ್ನೇ ಹಿಗ್ಗಿಸಿದರು. ಸಾಹುಕಾರರಿಗೆ ಒಂದು ಮಾತೂ ಹೇಳಲಿಲ್ಲ. ಹೋಟೆಲಿನವರು ಖಾನೆ ದೊಡ್ಡದಾಗಿದೆ ಎಂದು ಖುಷಿಪಟ್ಟರು. ಅಂದಿನಿಂದ ಮೇಸ್ತ್ರಿ ಒಂದು ರೂಢಿ ಇಟ್ಟುಕೊಂಡರು. ನಾನು ಬರೆದ ಪ್ರತಿ ಕಾರ್ಡನ್ನೂ ಕನ್ನಡಕ ಏರಿಸಿ, ತುಟಿ ಅಲ್ಲಾಡಿಸುತ್ತ ಅಕ್ಷರ ಅಕ್ಷರ ಓದುವುದು, ಓದಿ ಮುಗಿಸಿದ ಮೇಲೆಯೇ ತಗಡು ಕತ್ತರಿಸಲು ಬಿಡುವುದು. ವರ್ಷಗಳು ಕಳೆದರೂ ಈ ರೂಢಿ ಬಿಡಲಿಲ್ಲ. ಒಳಗೊಳಗೇ ನನಗೆ ಅದು ಚುಚ್ಚುತ್ತಿತ್ತು.

ಆದರೆ ಅವರಿಂದ ಕಲಿತದ್ದನ್ನು ಯಾವ ಕಾಲೇಜೂ ಕಲಿಸಿಲ್ಲ. ಅವರ ಮೊದಲ ಪ್ರಶ್ನೆ ತಗಡಿನ ಬಗ್ಗೆ ಇರುತ್ತಿರಲಿಲ್ಲ. "ಇದರಾಗ ಏನ್ ಹಾಕ್ತಾರ?" ಎಂದು ಕೇಳುತ್ತಿದ್ದರು. ಹಾಲೋ, ಉಪ್ಪಿನಕಾಯಿಯೋ, ಔಷಧಿಯೋ? ಅದು ಗೊತ್ತಾದ ಮೇಲೆಯೇ ಯಾವ ಜಾತಿಯ ಸ್ಟೀಲು, ಎಷ್ಟು ದಪ್ಪ, ಯಾವ ಮಶೀನು ಎಂಬ ಮಾತು. ಆಯಸ್ಕಾಂತ ಹಿಡಿಯದಿದ್ದರೆ ಅಸಲು ಸ್ಟೀಲು ಎಂದು ಅಂಗಡಿಯವರು ಹೇಳುತ್ತಾರಲ್ಲ, ಅದು ಅರ್ಧ ಸುಳ್ಳು ಎಂದು ತೋರಿಸಿದವರೂ ಅವರೇ. ಅಗ್ಗದ ಜಾತಿಯನ್ನೂ ಆಯಸ್ಕಾಂತ ಹಿಡಿಯುವುದಿಲ್ಲ. ಆದರೂ ಒಂದು ಸಣ್ಣ ಆಯಸ್ಕಾಂತ ಚೀಲದಲ್ಲಿ ಇರಲಿ ಎನ್ನುತ್ತಿದ್ದರು. ಸುಳ್ಳು ಹಿಡಿಯಲು ಬಾರದಿದ್ದರೂ ಒಮ್ಮೊಮ್ಮೆ ಸತ್ಯ ಹಿಡಿಯುತ್ತದಂತೆ.

ವರ್ಕ್‌ಶಾಪಿಗೆ ಪ್ಲಾಸ್ಮಾ ಮಶೀನು ಬಂದಾಗ ಸಾಹುಕಾರರಿಗೆ ಹೊಸ ಅಳಿಯ ಬಂದಷ್ಟು ಸಂಭ್ರಮ. ಬೆಂಕಿಯ ನಾಲಗೆಯಿಂದ ತಗಡನ್ನು ಬೆಣ್ಣೆಯಂತೆ ಸೀಳುವ ಯಂತ್ರ ಅದು. ಎಲ್ಲವನ್ನೂ ಅದರಲ್ಲೇ ಕತ್ತರಿಸಿ ಎಂದು ಹುಕುಂ ಆಯಿತು. ಆಗ ವಿದ್ಯಾಗಿರಿಯ ಒಂದು ದವಾಖಾನೆಗೆ ಟ್ರೇಗಳು ಬೇಕಿದ್ದವು. ನಾನು ಕಾರ್ಡಿನಲ್ಲಿ ಹಳೆಯ ಕತ್ತರಿ ಮಶೀನನ್ನೇ ಬರೆದೆ. ಸಾಹುಕಾರರು ಬಂದು ಕೂಗಾಡಿದರು. "ಎತ್ತು ಮಾರಿ ಟ್ರ್ಯಾಕ್ಟರ್ ತಂದೇನಿ, ನೀ ಮತ್ತ ಎತ್ತಿನ ಬೆನ್ನು ಹತ್ತೀಯಲ್ಲ!"

ಮೇಸ್ತ್ರಿ ಒಂದಿಷ್ಟು ಹತ್ತಿ ತಂದು ಪ್ಲಾಸ್ಮಾದಿಂದ ಕತ್ತರಿಸಿ ಉಜ್ಜಿದ ಅಂಚಿನ ಮೇಲೆ ಎಳೆದರು. ಅಂಚಿನುದ್ದಕ್ಕೂ ಹತ್ತಿಯ ಎಳೆಗಳು ಸಿಕ್ಕಿಕೊಂಡವು. ಕತ್ತರಿ ಮಶೀನಿನಲ್ಲಿ ಕತ್ತರಿಸಿದ ಅಂಚನ್ನೂ ಅಷ್ಟೇ ಉಜ್ಜಿ ಅದರ ಮೇಲೂ ಎಳೆದರು, ಹತ್ತಿ ಜಾರಿಹೋಯಿತು. "ಹತ್ತಿ ಹಿಡಿಯೂ ಅಂಚು ಚರ್ಮಾನೂ ಹಿಡಿತೈತ್ರಿ ಸಾಹುಕಾರ್ರ" ಎಂದರು. ಸಾಹುಕಾರರು ಗಂಟಲು ಕೆರೆದುಕೊಂಡು ಹೋದರು. ಕೆಲಸ ಬಿಡುವ ದಿನದ ತನಕ ನಾನು ಅಂಚು ಪರೀಕ್ಷೆ ಮಾಡಿದ್ದು ಹತ್ತಿಯಿಂದಲೇ.

ಆಮೇಲೆ ಬಹಳ ವರ್ಷಕ್ಕೆ ಲೇಸರ್ ಬಂತು. ಅಷ್ಟೊತ್ತಿಗೆ ಮೇಸ್ತ್ರಿ ಕೆಲಸ ಬಿಟ್ಟು ಮನೆಯಲ್ಲಿದ್ದರು. ನೋಡಬೇಕೆಂದು ಹಟ ಹಿಡಿದು ಬಂದರು. ಗಾಜಿನ ಕಿಟಕಿಯ ಹಿಂದೆ ಬೆಳಕಿನ ಚುಕ್ಕೆಯೊಂದು ಓಡಾಡಿ, ಕೂದಲೆಳೆಯಷ್ಟೂ ತಪ್ಪದೆ ನೂರು ತೂತು ಕೊರೆದದ್ದನ್ನು ನಿಂತು ನೋಡಿದರು. ಕಣ್ಣಲ್ಲಿ ನೀರಿತ್ತು, ಸಂತೋಷದ್ದೇ. "ಭಾಳ ಶಾಣೇ ಐತವ್ವಾ. ಕಣ್ಣ ಮಿಟುಕಸೂದಿಲ್ಲ. ಆದ್ರ ಏನ್ ಹಾಕ್ತಾರ ಅಂತ ಕೇಳೂದೂ ಇಲ್ಲ" ಎಂದರು. ಕೇಳುವ ಕೆಲಸ ಇನ್ನೂ ನಮ್ಮದೇ ಎಂಬುದನ್ನು ಮರೆಯಬೇಡಿ.

ಇನ್ನು ಪವಿತ್ರಾ ಕೇಳಿದ ಮಾತಿಗೆ ಬರುತ್ತೇನೆ. ಅದು ಲೇಸರಿಗಿಂತ ಎಷ್ಟೋ ಹಿಂದಿನದು.

ಹುನಗುಂದದ ಸಮೀಪದ ಒಂದು ಮಠದ ದಾಸೋಹಕ್ಕೆ ಮಜ್ಜಿಗೆಯ ತೊಟ್ಟಿ ಬೇಕಾಗಿತ್ತು. ಇಬ್ಬರು ಒಳಗಿಳಿದು ನಿಲ್ಲಬಹುದಾದಷ್ಟು ದೊಡ್ಡದು. ಶ್ರಾವಣದ ತಿಂಗಳಿಡೀ ಅಲ್ಲಿ ಪುರಾಣ ನಡೆಯುತ್ತದೆ, ಬಂದವರೆಲ್ಲ ಉಂಡೇ ಹೋಗುತ್ತಾರೆ. ದಾಸೋಹದ ಅಡುಗೆಮನೆಯ ಹಿರಿಯರು ಗುರಪ್ಪಜ್ಜ. ಅವರಿಗೆ ಸ್ಟೀಲಿನ ಮೇಲೆ ನಂಬಿಕೆ ಇರಲಿಲ್ಲ. ತಾಮ್ರದ ಹಂಡೆಗಳ ಒಳಮೈಗೆ ತವರದ ಕಲಾಯಿ ಹಾಕಿಸಿ ಬಳಸುತ್ತ ಬಂದವರು. ಆ ಕಲಾಯಿ ಹಾಕುತ್ತಿದ್ದವರು ಯಾರು ಗೊತ್ತೇ? ದಾವಲಸಾಬ ಮೇಸ್ತ್ರಿಯ ಅಪ್ಪ, ಅದಕ್ಕೂ ಮೊದಲು ಅವರ ಅಜ್ಜ. ಆ ಮನೆತನದವರು ಬೆಳ್ಳಗೆ ಮಾಡಿಕೊಟ್ಟ ಹಂಡೆಯಲ್ಲಿ ಒಂದು ದಿನವೂ ಅಂಬಲಿ ಕೆಟ್ಟಿರಲಿಲ್ಲ. "ದಾವಲಸಾಬ ಹೇಳಿದ ಅಂದಮ್ಯಾಲ ಆತು" ಎಂದು ಗುರಪ್ಪಜ್ಜ ಸ್ಟೀಲಿಗೆ ಒಪ್ಪಿದ್ದು ಆ ಒಂದು ಮಾತಿನ ಮೇಲೆ.

ಮೇಸ್ತ್ರಿ ತಗಡನ್ನು ತಾವೇ ಹೋಗಿ ಆರಿಸಿ ತಂದರು. ಹುಳಿ ಮಜ್ಜಿಗೆಗೆ ತಡೆಯುವ ಒಳ್ಳೆಯ ಜಾತಿ. "ಮಜ್ಜಿಗಿ ಕುಂದ್ರಾಕ ಮೂಲಿ ಸಿಗಬಾರ್ದು" ಎಂದರು. ಅದಕ್ಕೆ ನಾನು ಮೂಲೆಗಳಲ್ಲಿ ಬೆಸುಗೆ ತಪ್ಪಿಸಿ ದುಂಡಗೆ ಮಡಚುವಂತೆ, ಬೆಸೆಯಲೇಬೇಕಾದಲ್ಲಿ ನಯವಾಗಿ ಕೂಡಿಸುವ ಆರ್ಗಾನ್ ವೆಲ್ಡಿಂಗ್ ಮಾಡುವಂತೆ ಬರೆದೆ. ಹೊಳಪು ಕೊಡುವ ಕೆಲಸವೊಂದು ಉಳಿಯಿತು. ನಮ್ಮ ವರ್ಕ್‌ಶಾಪಿನಲ್ಲಿ ಅಷ್ಟು ದೊಡ್ಡ ತೊಟ್ಟಿಯನ್ನು ಹೊರಳಿಸಲು ಜಾಗವಿರಲಿಲ್ಲ. ಅಷ್ಟರಲ್ಲಿ ಮೇಸ್ತ್ರಿ ಮಗಳ ಮದುವೆಗೆಂದು ಒಂದು ವಾರ ರಜೆ ಹಾಕಿದರು. ಅಲ್ಲಿಯವರೆಗೆ ಅವರು ಓದದೆ ಕೆಲಸಕ್ಕೆ ಹೋದ ನನ್ನ ಕಾರ್ಡು ಅದೊಂದೇ.

ನನಗೊಂದು ಜಾಣ ಉಪಾಯ ಹೊಳೆಯಿತು. ಇಳಕಲ್ಲಿನಲ್ಲಿ ಪರಿಚಯದವರ ಗ್ರಾನೈಟ್ ಕಾರ್ಖಾನೆ ಇತ್ತು. ದೊಡ್ಡ ಶೆಡ್ಡು, ಬಂಡೆ ಎತ್ತುವ ಕ್ರೇನು, ಬೇಕಾದಷ್ಟು ಕರೆಂಟು, ಮೇಲಾಗಿ ಹುನಗುಂದಕ್ಕೆ ಹತ್ತಿರ. ಕಲ್ಲನ್ನೇ ಕನ್ನಡಿ ಮಾಡುವವರ ಜಾಗಕ್ಕಿಂತ ಪಾಲಿಶಿಗೆ ಒಳ್ಳೆಯ ಜಾಗ ಯಾವುದು? ಕಾರ್ಡಿನಲ್ಲಿ ಠೀವಿಯಿಂದ ಬರೆದೆ: ಪಾಲಿಶ್, ಇಳಕಲ್, ಗ್ರಾನೈಟ್ ಶೆಡ್. ಸಾಹುಕಾರರೂ, "ಈಗ ನೋಡು, ತಲಿ ಅಂದ್ರ ಇದು!" ಎಂದು ಮೂರು ಅಂಗಡಿಗೆ ಕೇಳುವಂತೆ ಹೊಗಳಿದರು. ತೊಟ್ಟಿ ಫಳಫಳ ಹೊಳೆಯುತ್ತ ಶ್ರಾವಣಕ್ಕೆ ಮೊದಲೇ ಮಠ ಸೇರಿತು. ಮೇಸ್ತ್ರಿ ಮದುವೆ ಮುಗಿಸಿ ಬಂದು, ನೋಡಲು ಸಿಗಲಿಲ್ಲವಲ್ಲ ಎಂದು ಪೇಚಾಡಿದರು.

ಶ್ರಾವಣ ಶುರುವಾಗಿ ವಾರ ದಾಟಿರಲಿಲ್ಲ. ಮಠದಿಂದ ಫೋನು ಬಂತು. ತೊಟ್ಟಿಗೆ ತುಕ್ಕು ಹಿಡಿದಿದೆ, ತಗಡು ನಕಲಿ, ದಾವಲಸಾಬ ಹೀಗೆ ಮಾಡುತ್ತಾನೆಂದು ತಿಳಿದಿರಲಿಲ್ಲ ಎಂದರು.

ಸಾಹುಕಾರರ ಧ್ವನಿ ಮೊದಲ ಬಾರಿಗೆ ಸಣ್ಣದಾಯಿತು. "ಡೀಲರ್ ಮೋಸ ಮಾಡ್ಯಾನ ಅಂತ ಹೇಳಿಬಿಡ್ರಿ. ಹೆಸರು ಉಳಿತೈತಿ."

"ಗೊತ್ತಿಲ್ಲದ್ದು ನಂಗ ಹೇಳಾಕ ಬರೂದಿಲ್ರಿ" ಎಂದರು ಮೇಸ್ತ್ರಿ. ನನ್ನ ಕಡೆ ತಿರುಗಿ, "ಕಾರ್ಡ್ ತಗೊಂಡ ಬಾರವ್ವ" ಎಂದರು.

ಬಾಗಲಕೋಟೆಯಿಂದ ಹುನಗುಂದದ ಬಸ್ಸಿನಲ್ಲಿ ಅವರು ಆ ಕಾರ್ಡನ್ನು ಕನ್ನಡಕ ಏರಿಸಿ ನಿಧಾನವಾಗಿ ಓದಿದರು. ಮಡಚಿ ನನ್ನ ಕೈಗೆ ಕೊಟ್ಟು ಕಿಟಕಿಯಾಚೆಗೆ ನೋಡುತ್ತ ಕೂತರು.  ಅವರಿಗೂ ಕಾರ್ಡಿನಲ್ಲಿ ತಪ್ಪೇನೂ ಕಾಣುತ್ತಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಅಡುಗೆಮನೆಯೊಳಗೆ ಕಾಲಿಟ್ಟಾಗ ಮೊದಲು ಕಂಡದ್ದು ಆ ಹಳೆಯ ಕಲಾಯಿ ಹಂಡೆಗಳು. ಅಟ್ಟದಿಂದ ಇಳಿಸಿ, ತೊಳೆದು ಸಾಲಾಗಿ ನಿಲ್ಲಿಸಿದ್ದರು. ಅಪ್ಪ ಬೆಳ್ಳಗೆ ಮಾಡಿದ ಹಂಡೆಗಳು ಒಂದು ಕಡೆ, ಮಗ ತಂದ ತೊಟ್ಟಿ ಇನ್ನೊಂದು ಕಡೆ. ತೊಟ್ಟಿಯ ಒಳಮೈ ತುಂಬ ನವಣೆ ಕಾಳಿನಷ್ಟು ಸಣ್ಣ ಕಂದು ಚುಕ್ಕೆಗಳು. ಮೇಸ್ತ್ರಿ ಆ ಹಂಡೆಗಳನ್ನು ನೋಡಿದ ರೀತಿಯನ್ನು ನಾನು ಮರೆತಿಲ್ಲ.

ಗುರಪ್ಪಜ್ಜ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. "ನಿಮ್ಮಪ್ಪ ಈ ಕಟ್ಟಿ ಮ್ಯಾಲ ಕುಂತು ಉಂಡಾಂವ, ದಾವಲಸಾಬ. ಒಂದ ಮಾತ ಹೇಳು. ತಗಡು ಅಸಲೋ, ನಕಲೋ?"

"ಅಸಲು ಐತ್ರಿ ಅಜ್ಜಾರ."

"ಮತ್ತ ಇದು?"

"ಗೊತ್ತಾಗವಲ್ದು."

ಆಗ ಮಾತಾಡಿದವಳು ಬಸಮ್ಮ, ಅಲ್ಲಿ ಪಾತ್ರೆ ತೊಳೆಯುವ ಹೆಣ್ಣುಮಗಳು. "ಅಜ್ಜಾರ, ನಾ ಚುಕ್ಕಿ ಕಂಡ ಮೊದಲನೇ ದಿನಾನ ಒಂದ ಕಡೆ ಹುಣಸಿಹಣ್ಣು ಹಚ್ಚಿ ತಿಕ್ಕಿದ್ದೆರಿ. ಅಲ್ಲಿ ಮತ್ತ ಬಂದಿಲ್ಲ ನೋಡ್ರಿ." ಬಗ್ಗಿ ತೋರಿಸಿದಳು. ಅಂಗೈಯಗಲದ ಜಾಗ, ಒಂದೂ ಚುಕ್ಕೆಯಿಲ್ಲದೆ ಸ್ವಚ್ಛವಾಗಿತ್ತು.

 ತಗಡೇ ನಕಲಿಯಾಗಿದ್ದರೆ ತಿಕ್ಕಿದ ಕಡೆಯೂ ತುಕ್ಕು ಮರಳಿ ಬರಬೇಕಿತ್ತು. ಬಂದಿಲ್ಲ. ಅಂದರೆ ತುಕ್ಕು ತಗಡಿನದಲ್ಲ, ಹೊರಗಿನಿಂದ ಬಂದು ಅದರ ಮೈಗೆ ಹತ್ತಿದ್ದು. ಎಲ್ಲಿಂದ? ತೊಟ್ಟಿಯ ಅಂಚನ್ನು ಹೊರಗೆ ಮಡಚಿದ್ದೆವು. ಆ ಮಡಿಕೆಯೊಳಗೆ ಬೆರಳು ಹಾಕಿದೆ, ಕೆಂಪು ಪುಡಿ ಬಂತು. ಇಳಕಲ್ಲಿನ ಶೆಡ್ಡಿನಲ್ಲಿ ನೆಲ, ಗೋಡೆ, ಜನರ ರೆಪ್ಪೆಗೂದಲು ಎಲ್ಲದರ ಮೇಲೂ ಇದೇ ಕೆಂಪು ಪುಡಿ ನೋಡಿದ್ದೆ. ಇಳಕಲ್ಲಿನ ಕಲ್ಲೇ ಕೆಂಪು. ಧೂಳು ಕೆಂಪಗಿದ್ದರೆ ಯಾರಿಗೆ ಅನುಮಾನ ಬರುತ್ತದೆ?

ಚೀಲದಿಂದ ಆಯಸ್ಕಾಂತ ತೆಗೆದು ಪುಡಿಯ ಮೇಲೆ ಹಿಡಿದೆ. ಕಲ್ಲಿನ ಧೂಳಾಗಿದ್ದರೆ ಸುಮ್ಮನೆ ಬಿದ್ದಿರಬೇಕಿತ್ತು. ಅದರಲ್ಲಿ ಅರ್ಧ ಜಿಗಿದು ಬಂದು ಆಯಸ್ಕಾಂತಕ್ಕೆ ಗಡ್ಡದಂತೆ ಅಂಟಿತು.

ಆಗ ನೆನಪಾಯಿತು. ನಾವು ಪಾಲಿಶ್ ಮಾಡಿದ ಜಾಗದ ಎದುರಿಗೇ ಬಂಡೆ ಸೀಳುವ ದೊಡ್ಡ ಗರಗಸ ಓಡುತ್ತಿತ್ತು. ಕಲ್ಲು ಕೊಯ್ಯಲೆಂದು ಅದರ ಬಾಯಿಗೆ ನೀರಿನ ಜೊತೆ ಕಬ್ಬಿಣದ ಸಣ್ಣ ಹರಳು ಸುರಿಯುತ್ತಾರೆ. ಅದು ಸಿಡಿದು, ಒಣಗಿ, ಪುಡಿಯಾಗಿ ಹಾರಾಡುತ್ತದೆ. ಆ ಪುಡಿ ತೊಟ್ಟಿಯ ಮೇಲೆ ಕೂತಿತು. ನಮ್ಮ ಪಾಲಿಶಿನ ಚಕ್ರ ಅದನ್ನು ಉಜ್ಜಿ ಉಜ್ಜಿ ಒಳ್ಳೆಯ ತಗಡಿನ ಮೈಯೊಳಗೆ ನೆಟ್ಟಿತು. ಮಜ್ಜಿಗೆ ತಾಗಿದ್ದೇ ತಡ, ಆ ಕಬ್ಬಿಣ ತುಕ್ಕಾಯಿತು.

ಇದೆಲ್ಲ ನನ್ನ ತಲೆಯಲ್ಲಿ ಓಡುತ್ತಿರುವಾಗ ಮೇಸ್ತ್ರಿ ತಲೆ ತಗ್ಗಿಸಿ ಹೇಳುತ್ತಿದ್ದರು. "ತೊಟ್ಟಿ ವಾಪಸ್ ಒಯ್ತೇನ್ರಿ ಅಜ್ಜಾರ. ನಮ್ಮಪ್ಪನ ಹಂಡೇನ ಇರ್ಲಿ. ತಪ್ಪು ನಂದು ಅಂತ ತಿಳೀರಿ."

ನನ್ನ ಚೀಲದಲ್ಲಿ ಕಾರ್ಡಿತ್ತು, ಅದರಲ್ಲಿ ನನ್ನ ಕೈಬರಹವಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಾಯಿಬಿಟ್ಟರೆ, ಹೆಣ್ಣುಮಗಳ ಕೈಗೆ ಕಾರ್ಡು ಕೊಟ್ಟದ್ದಕ್ಕೇ ಹೀಗಾಯಿತು ಎಂದು ಆಡಿಕೊಳ್ಳಲು ವರ್ಕ್‌ಶಾಪಿನಲ್ಲಿ ಇಬ್ಬರು ಮೂವರು ಹಲ್ಲು ಮಸೆದು ಕಾದಿದ್ದರು. ಅಷ್ಟು ವರ್ಷ ಗಳಿಸಿದ್ದು ಒಂದೇ ದಿನದಲ್ಲಿ ಹೋಗುತ್ತದೆ ಎನಿಸಿತು. ನಿಜ ಹೇಳುತ್ತೇನೆ, ಒಂದು ಕ್ಷಣ ಆಯಸ್ಕಾಂತವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ. ಇವತ್ತಿಗೂ ಆ ಕ್ಷಣದ ಬಗ್ಗೆ ನನಗೆ ನಾಚಿಕೆ ಇದೆ.

"ಅಜ್ಜಾರ," ಎಂದೆ.  "ತಗಡು ಅಸಲು ಐತ್ರಿ. ಮೇಸ್ತ್ರಿ ಅವರದು ಏನೂ ತಪ್ಪಿಲ್ಲ. ಇಳಕಲ್ಲಿನ ಕಲ್ಲಿನ ಕಾರ್ಖಾನ್ಯಾಗ ಪಾಲಿಶ್ ಮಾಡ್ಸಿದಾಕಿ ನಾ. ಅಲ್ಲೀ ಕಬ್ಬಿಣದ ಪುಡಿ ಇದಕ್ಕ ಹತ್ತೈತಿ. ತಪ್ಪು ನಂದು." ಮುಷ್ಟಿ ಬಿಚ್ಚಿ ತೋರಿಸಿದೆ.

ಗುರಪ್ಪಜ್ಜ ಆಯಸ್ಕಾಂತವನ್ನು ಇಸಿದುಕೊಂಡು ಕಣ್ಣ ಹತ್ತಿರ ಹಿಡಿದು ನೋಡಿದರು. ಬಸಮ್ಮನಿಗೆ ತೋರಿಸಿದರು. ಆಮೇಲೆ ಇದ್ದಕ್ಕಿದ್ದಂತೆ ಅವರ ಹೊಟ್ಟೆ ಕುಣಿಯತೊಡಗಿತು. ನಗುತ್ತಿದ್ದರು.

"ಹಂಗಾದ್ರ ತಗಡಿಂದೇನೂ ದೋಷ ಇಲ್ಲ. ಇದು ಸಹವಾಸ ದೋಷ! ಸಹವಾಸ ಕೆಟ್ರ ಸನ್ಯಾಸಿನೂ ಕೆಡ್ತಾನ ಅಂತಾರಲ್ಲ, ಇನ್ನ ಪಾಪ ತಗಡಿಂದೇನ ನಡೀತೈತಿ?"

ಇಡೀ ಅಡುಗೆಮನೆ ನಕ್ಕಿತು. ಮೇಸ್ತ್ರಿ ಮಾತ್ರ ನಗಲಿಲ್ಲ. ತೊಟ್ಟಿಯ ಅಂಚಿನ ಮೇಲೆ ಕೈಯಿಟ್ಟು ನಿಂತಿದ್ದರು.

ತೊಳೆಯುವುದು ಹೇಗೆಂಬ ಪ್ರಶ್ನೆ ಬಂತು. ವರ್ಕ್‌ಶಾಪಿನಲ್ಲಿ ಇಂಥದಕ್ಕೆ ಬಳಸುವ ಆಸಿಡ್ ಇದೆ. ಅರ್ಧ ಗಂಟೆಯ ಕೆಲಸ, ಆದರೆ ಕೈಗೆ ಬಿದ್ದರೆ ಮಾಂಸ ತಿನ್ನುತ್ತದೆ. ಉಣ್ಣುವ ಜಾಗಕ್ಕೆ ಅದನ್ನು ತರಲು ನನಗೆ ಮನಸ್ಸಾಗಲಿಲ್ಲ. ಬಸಮ್ಮನ ಹುಣಸೆಹಣ್ಣೇ ದಾರಿ ತೋರಿಸಿತ್ತು. ಅಡುಗೆಗೆ ಬಳಸುವ ಹುಳಿ ಹರಳು, ನಿಂಬೆ ಉಪ್ಪು, ತರಿಸಿ, ಬಿಸಿನೀರಿನಲ್ಲಿ ಕರಗಿಸಿ, ಹೊಸ ಬಟ್ಟೆಯಿಂದ ಮೇಸ್ತ್ರಿ, ನಾನು, ಬಸಮ್ಮ ಮೂವರೂ ತೊಟ್ಟಿಯನ್ನು ಒಳಗೂ ಹೊರಗೂ ತೊಳೆದೆವು. ಆಮೇಲೆ ಬರೀ ನೀರು ಚಿಮುಕಿಸಿ ಒಣಗಲು ಬಿಡುವುದು, ಮತ್ತೆ ಚಿಮುಕಿಸುವುದು. ಕಬ್ಬಿಣ ಉಳಿದಿದ್ದರೆ ಒಂದು ದಿನದೊಳಗೆ ಚುಕ್ಕೆ ತೋರಿಸಿಬಿಡುತ್ತದೆ. ಮೇಸ್ತ್ರಿ ಮೂರು ದಿನ ಮಠದಲ್ಲೇ ಉಳಿದರು. ನಾನು ದಿನಾ ಬಸ್ಸಿನಲ್ಲಿ ಹೋಗಿಬಂದೆ. 

ಮೂರನೆಯ ದಿನ ಹೋದಾಗ ಕಲಾಯಿ ಹಂಡೆಗಳನ್ನು ಮತ್ತೆ ಅಟ್ಟಕ್ಕೇರಿಸುತ್ತಿದ್ದರು. ತೊಟ್ಟಿಯ ತುಂಬ ಮಜ್ಜಿಗೆಯಿತ್ತು, ಮೇಲೆ ಕೊತ್ತಂಬರಿ ತೇಲುತ್ತಿತ್ತು. ಗುರಪ್ಪಜ್ಜ ಮೊದಲ ಲೋಟವನ್ನು ಮೇಸ್ತ್ರಿಯ ಕೈಗೆ ಕೊಟ್ಟರು. ಅವರು ಅರ್ಧ ಕುಡಿದು, ಉಳಿದರ್ಧವನ್ನು ಇನ್ನೊಂದು ಲೋಟಕ್ಕೆ ಬಗ್ಗಿಸಿ ನನಗೆ ಕೊಟ್ಟರು.

ತಿರುಗಿ ಬರುವ ಬಸ್ಸಿನಲ್ಲಿ ಅವರು ತಾವಾಗಿಯೇ ಮಾತೆತ್ತಿದರು. "ಹೋಗೂ ದಿನ ಬಸ್ಸಿನ್ಯಾಗ ಕಾರ್ಡ್ ಓದಿದ್ನಲ್ಲ, 'ಇಳಕಲ್, ಗ್ರಾನೈಟ್ ಶೆಡ್' ಅಂತ ನೋಡಿದ ಕೂಡ್ಲೆ ಇದು ಕಬ್ಬಿಣದ ಪುಡಿ ಅಂತ ನಂಗ ತಿಳೀತು."

ನಾನು ದಂಗಾಗಿ ಹೋದೆ. "ತಿಳಿದಿತ್ತು? ಮತ್ತ ಅಜ್ಜಾರ ಕೇಳಿದಾಗ ಗೊತ್ತಾಗವಲ್ದು ಅಂದ್ರಲ್ರಿ!"

"ಅದೊಂದ ಸುಳ್ಳು ಹೇಳೇನಿ. ಅಲ್ಲಾ ಕ್ಷಮಾ ಮಾಡ್ತಾನ." ಕಿಟಕಿಯಾಚೆ ನೋಡುತ್ತ ಹೇಳಿದರು. "ನೀ ಹೇಳ್ತೀಯೋ ಇಲ್ಲೋ ನೋಡಬೇಕಿತ್ತು."

"ನಾ ಹೇಳದಿದ್ರ?"

"ತಪ್ಪು ನಂದು ಅಂತ ಹೇಳಿ ತೊಟ್ಟಿ ಹೊತ್ಕೊಂಡ ಬರ್ತಿದ್ದೆ. ಯಾರ ಮುಂದೂ ನಿನ್ನ ಹೆಸರು ತಗೀತಿರಲಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಖರೆ, ಸಾಯೂತನಕ ನಿನ್ನ ಕಾರ್ಡ್ ಓದೂದು ಬಿಡ್ತಿರಲಿಲ್ಲ."

ಮರುದಿನ ಬೆಳಿಗ್ಗೆ ಹೊಸ ಕೆಲಸದ ಕಾರ್ಡಿನಲ್ಲಿ ಸ್ಕೇಲು ಹಿಡಿದು ಒಂದು ಕಾಲಂ ಹೆಚ್ಚಿಗೆ ಎಳೆದೆ. ತಲೆಯ ಮೇಲೆ 'ಸಹವಾಸ' ಎಂದು ಬರೆದೆ. ಪವಿತ್ರಾ, ಅದರಲ್ಲಿ ತುಂಬಬೇಕಾದ್ದು ಇಷ್ಟೇ: ಈ ತಗಡು ಎಲ್ಲಿ ಇರುತ್ತದೆ, ಅದರ ಪಕ್ಕದಲ್ಲಿ ಏನು ನಡೆಯುತ್ತಿದೆ, ಅದನ್ನು ಮುಟ್ಟುವ ಬ್ರಷ್ಷು, ಚಕ್ರ, ಬಟ್ಟೆ ಮೊದಲು ಏನನ್ನು ಮುಟ್ಟಿದ್ದವು. ಆ ಮೊದಲ ಕಾರ್ಡನ್ನು ತುಂಬಿ ಮೇಸ್ತ್ರಿಯ ಮುಂದೆ ಹಿಡಿದೆ. ಅವರು ಕನ್ನಡಕ ಹುಡುಕಲಿಲ್ಲ. ಓದದೆಯೇ ಅದನ್ನು ಕತ್ತರಿ ಮಶೀನಿನವನ ಕೈಗೆ ಕೊಟ್ಟು, "ಗಿರಿಜವ್ವ ಬರದಾಳ, ಕೊಯ್ಯೋ" ಎಂದರು.